ಸೆರಮೈಡ್: ಚರ್ಮದಲ್ಲಿ ತಡೆ, ಕೋಶದಲ್ಲಿ ಸಂದೇಶ

ಸ್ಫಿಂಗೋಸಿನ್ ಎಂಬ 18 ಇಂಗಾಲದ ಅಮೈನೋ ಆಲ್ಕೊಹಾಲಿಗೆ ಕೊಬ್ಬಿನಾಮ್ಲವೊಂದು ಅಮೈಡ್ ಬಂಧದಿಂದ (ಸಾರಜನಕದ ಮೂಲಕ ಬೆಸೆಯುವ ಬಂಧ) ಸೇರಿಕೊಂಡಿರುವ ಕೊಬ್ಬಿನ ಅಣುವೇ ಸೆರಮೈಡ್. ಆ ಕೊಬ್ಬಿನಾಮ್ಲದ ಸರಪಳಿ ಎಷ್ಟು ಉದ್ದವಿರಬೇಕೆಂಬುದನ್ನು ಸಸ್ತನಿಗಳಲ್ಲಿ ಸೆರಮೈಡ್ ತಯಾರಿಸುವ 6 ಸೆರಮೈಡ್ ಸಿಂಥೇಸ್ ಕಿಣ್ವಗಳು ನಿರ್ಧರಿಸುತ್ತವೆ. ಈ ಅಣುವಿನ ಸ್ವಾರಸ್ಯವಿರುವುದು ಬಹುಪಾಲು ಆ ಉದ್ದದಲ್ಲಿಯೇ ಎಂದು ನನಗೆ ತೋರುತ್ತದೆ. ಚರ್ಮದ ಹೊರಪದರದಲ್ಲಿ ಅತಿ ಉದ್ದದ ಸರಪಳಿಯ ಸೆರಮೈಡ್‌ಗಳು ಕೊಲೆಸ್ಟರಾಲ್ ಹಾಗೂ ಮುಕ್ತ ಕೊಬ್ಬಿನಾಮ್ಲಗಳೊಡನೆ ಒತ್ತೊತ್ತಾಗಿ ಜೋಡಣೆಗೊಂಡು, ಸತ್ತ ಕೋಶಗಳ ನಡುವೆ ಇಟ್ಟಿಗೆಗಳ ನಡುವಿನ ಗಾರೆಯಂತೆ ತುಂಬಿಕೊಂಡು, ದೇಹದ ನೀರು ಮಿತಿಮೀರಿ ಆವಿಯಾಗದಂತೆ ತಡೆಯುತ್ತವೆ. (ಮುಖಲೇಪನಗಳ ಜಾಹೀರಾತುಗಳು ಹೇಳುವುದು ಇಷ್ಟನ್ನು ಮಾತ್ರ.) ಒತ್ತಡಕ್ಕೆ ಸಿಲುಕಿದ ಕೋಶದಲ್ಲಿ ಕೋಶಪೊರೆಯ ಕೊಬ್ಬಾದ ಸ್ಫಿಂಗೋಮಯಲಿನ್ ಒಡೆದು ಸೆರಮೈಡ್ ಹೆಚ್ಚಿದಾಗ, ಅದು ಕೋಶವನ್ನು ಯೋಜಿತ ಸಾವಿನತ್ತ ನೂಕಬಲ್ಲದು; ಆದರೆ ಅದೇ ಸೆರಮೈಡ್‌ನಿಂದ ಮುಂದೆ ಹುಟ್ಟುವ ಸ್ಫಿಂಗೋಸಿನ್-1-ಫಾಸ್ಫೇಟ್ ಸಾಮಾನ್ಯವಾಗಿ ಉಳಿವಿನ ಪರವಾಗಿ ಕೆಲಸ ಮಾಡುತ್ತದೆ. ಸೆರಮೈಡನ್ನು ಒಡೆಯುವ ಆಮ್ಲೀಯ ಸೆರಮಿಡೇಸ್ ಕಿಣ್ವದ ಕೊರತೆಯಿಂದ ಸೆರಮೈಡ್, ಕೋಶದ ತ್ಯಾಜ್ಯ ಒಡೆಯುವ ಚೀಲಗಳಾದ ಲೈಸೋಸೋಮ್‌ಗಳಲ್ಲಿ ಶೇಖರವಾಗುವ ಅಪರೂಪದ ಫಾರ್ಬರ್ ಕಾಯಿಲೆಯಲ್ಲಿ ಕೀಲುಗಳು ಊದಿಕೊಂಡು, ದನಿ ಗೊಗ್ಗರಾಗುತ್ತದೆ.