ಮುಚುಕುಂದನ ನಿದ್ದೆ, ಮುಜುಂಗಾವಿನ ಕೆರೆ

ಅಡೂರು, ಮಧೂರು, ಕಾವು, ಕಣಿಯಾರ. ಕೇರಳದ ಕಾಸರಗೋಡು ಕಡೆಯ ಕುಂಬ್ಳೆ ಸೀಮೆಯ ನಾಲ್ಕು ದೊಡ್ಡ ದೇವಸ್ಥಾನಗಳನ್ನು ನಮ್ಮ ಹಿರಿಯರು ಒಂದೇ ಉಸಿರಿಗೆ ಹೀಗೆ ಹೇಳುತ್ತಿದ್ದರು. ಇದರಲ್ಲಿ ಕಾವು ಅಂದರೆ ಮುಜುಂಗಾವು, ಪಾರ್ಥಸಾರಥಿ ಕೃಷ್ಣನ ಸನ್ನಿಧಿ. ಮಧೂರಿನ ಗಣಪತಿಯಷ್ಟು ದೂರದವರೆಗೆ ಇದರ ಹೆಸರು ಹೋಗಿಲ್ಲ. ಆದರೆ ತುಲಾ ಸಂಕ್ರಮಣದ ದಿನ ಇಲ್ಲಿಗೆ ಬಂದು ನೋಡಬೇಕು. ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುತ್ತದಲ್ಲ, ಆಗ ಇಲ್ಲಿನ ಕೆರೆಗೂ ಕಾವೇರಿ ಬರುತ್ತಾಳೆ ಎಂದು ನಂಬಿಕೆ. ಬೆಳಗಿನಿಂದಲೇ ಜನ ಬಂದು ಮುಳುಗುತ್ತಾರೆ. ಅಕ್ಕಿ ಮತ್ತು ಹುರುಳಿಯನ್ನು ಕೆರೆಗೆ ಹಾಕುತ್ತಾರೆ. ಮೈಮೇಲಿನ ಕೆಡು (ನರುಲಿ), ಚರ್ಮದ ತೊಂದರೆ ಎಲ್ಲ ಅದರೊಂದಿಗೆ ಹೋಗಲಿ ಎಂಬ ಹರಕೆ ಅದು.

ನಮ್ಮ ಮನೆಯವರು ಈ ಹರಕೆ ಹೇಳಿಕೊಂಡಿದ್ದರು. ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದ ಮೇಲೆ ಅವರಿಗೆ ವಿಪರೀತ ತುರಿಕೆ. ಮದ್ದಿನಲ್ಲಿ ಸ್ವಲ್ಪ ಕಡಿಮೆಯಾಗುತ್ತಿತ್ತು, ರಾತ್ರಿಯಾದರೆ ಮತ್ತೆ ಜೋರು. ಎಳೆದು ಕೆರೆದು ಗಾಯ ಮಾಡಿಕೊಳ್ಳುತ್ತಾರೆಂದು ನಾನು ತೆಂಗಿನೆಣ್ಣೆ ಹಚ್ಚಿ ಬೆನ್ನು ಸವರುತ್ತಾ ಕೂರುತ್ತಿದ್ದೆ. "ಸಂಕ್ರಮಣಕ್ಕೆ ಮುಜುಂಗಾವಿನಲ್ಲಿ ಮುಳುಗಿ ಬರುತ್ತೇನೆ ಮಾರಾಯ್ತಿ, ನೀನೂ ಬಾ" ಅಂದಿದ್ದರು. ಆ ಸಂಕ್ರಮಣ ಬರುವ ಮೊದಲೇ ಹೋಗಿಬಿಟ್ಟರು.

ಅವರು ಹೋದ ಮೇಲೆ ನನಗೆ ಬಂದದ್ದು ಅಳುವಲ್ಲ, ನಿದ್ದೆ. ಹಗಲೂ ನಿದ್ದೆ, ರಾತ್ರಿಯೂ ನಿದ್ದೆ. ಎಚ್ಚರವಾದ ಕೂಡಲೇ ಮತ್ತೆ ಮಲಗಬೇಕು ಅನ್ನಿಸುತ್ತಿತ್ತು. ಮನೆಯಲ್ಲಿ ಯಾರೂ ಕೆಟ್ಟ ಮಾತು ಆಡಲಿಲ್ಲ. ಆದರೆ ಒಬ್ಬ ಹೆಂಗಸು ಹೀಗೆ ಮಲಗುವುದು ಸರಿಯಲ್ಲ ಎಂಬುದು ಎಲ್ಲರ ಮುಖದಲ್ಲೂ ಇತ್ತು. ಆ ದಿನಗಳಲ್ಲಿ ದೊಡ್ಡಮ್ಮ ಬಂದು ನನ್ನ ಪಕ್ಕದಲ್ಲೇ ಕೂತು ಭಾಗವತ ಓದುತ್ತಿದ್ದರು. ನಾನು ಕೇಳುತ್ತೇನೋ ಇಲ್ಲವೋ ಎಂದು ಅವರು ನೋಡುತ್ತಿರಲಿಲ್ಲ. ದಶಮಸ್ಕಂಧದಲ್ಲಿ ಮುಚುಕುಂದನ ಕಥೆ ಬಂತು. ಮುಜುಂಗಾವು ಆ ಮುಚುಕುಂದ ತಪಸ್ಸು ಮಾಡಿದ ಜಾಗ ಎಂದೇ ನಮ್ಮ ಕಡೆ ಹೇಳುತ್ತಾರೆ.

ತಾಳಮದ್ದಳೆಯಲ್ಲಿ ಚಿಕ್ಕಂದಿನಿಂದ ಕೇಳಿದ ಕಥೆಯೇ. ಕೃಷ್ಣ ಆಯುಧವಿಲ್ಲದೆ ಓಡುತ್ತಾನೆ. ಮಥುರೆಗೆ ದಂಡೆತ್ತಿ ಬಂದ ಕಾಲಯವನ ಅವನನ್ನು ಅಟ್ಟಿಸಿಕೊಂಡು ಗುಹೆಗೆ ನುಗ್ಗುತ್ತಾನೆ. ಮಲಗಿದವನನ್ನು ಕೃಷ್ಣ ಎಂದುಕೊಂಡು ಒದೆಯುತ್ತಾನೆ. ಎದ್ದ ಮುಚುಕುಂದನ ಕಣ್ಣು ಬಿದ್ದದ್ದೇ ತಡ, ಬೂದಿ. ಕಲಾವಿದರು ಕಾಲಯವನನ ಸೊಕ್ಕನ್ನೂ ಕೃಷ್ಣನ ಉಪಾಯವನ್ನೂ ಚೆನ್ನಾಗಿ ಬೆಳೆಸುತ್ತಾರೆ. ಆದರೆ ಮುಚುಕುಂದ ಯಾಕೆ ಮಲಗಿದ್ದ? ಅದನ್ನು ನಾನು ಯಾವತ್ತೂ ಗಮನ ಕೊಟ್ಟು ಕೇಳಿರಲಿಲ್ಲ.

ಅವನು ಮಾಂಧಾತನ ಮಗ, ಇಕ್ಷ್ವಾಕು ವಂಶದ ರಾಜ. ದೇವತೆಗಳು ಕರೆದರೆಂದು ಹೋಗಿ ಬಹಳ ಕಾಲ ಅವರನ್ನು ಕಾಯುತ್ತಾನೆ. ಮುಂದೆ ಷಣ್ಮುಖ ಅವರ ಸೇನಾಪತಿಯಾದಾಗ, ಇನ್ನು ನೀನು ವಿಶ್ರಾಂತಿ ತೆಗೆದುಕೋ ಎನ್ನುತ್ತಾರೆ ದೇವತೆಗಳು. ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಾರೆ. ನಿನ್ನ ಮಕ್ಕಳು, ರಾಣಿಯರು, ನೆಂಟರು, ಮಂತ್ರಿಗಳು, ನಿನ್ನ ಕಾಲದ ಪ್ರಜೆಗಳು ಯಾರೂ ಈಗ ಉಳಿದಿಲ್ಲ. ಮೋಕ್ಷ ಬಿಟ್ಟು ಏನು ಬೇಕಾದರೂ ಕೇಳು. ಆಗ ಅವನು ಕೇಳಿದ್ದು ನಿದ್ದೆ.

ದೊಡ್ಡಮ್ಮ ಅಲ್ಲಿ ಓದು ನಿಲ್ಲಿಸಲಿಲ್ಲ. ನಾನು ಎದ್ದು ಕೂತೆ. "ಇನ್ನೊಮ್ಮೆ ಓದಿ ದೊಡ್ಡಮ್ಮ" ಅಂದೆ.

ರಾಜ್ಯ ಬೇಕು, ಹೊಸ ಸಂಸಾರ ಬೇಕು ಎಂದು ಅವನು ಕೇಳಲಿಲ್ಲ. ಅವನ ನಿದ್ದೆಯನ್ನು ಭಾಗವತ ಹೀಯಾಳಿಸುವುದೂ ಇಲ್ಲ. ಕೃಷ್ಣ ಬಂದಾಗಲೂ ಇಷ್ಟು ದಿನ ಯಾಕೆ ಮಲಗಿದೆ ಎಂದು ಕೇಳುವುದಿಲ್ಲ. ಅವನು ಮಲಗಿದ್ದ ಗುಹೆಗೇ ಬಂದು ದರ್ಶನ ಕೊಡುತ್ತಾನೆ. ನನಗೆ ಕೃಷ್ಣನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ. ಅದುವರೆಗೆ ಇದ್ದದ್ದು ಅಭ್ಯಾಸದ ಭಕ್ತಿ.

ಆಮೇಲೆ ಮುಚುಕುಂದ ಗುಹೆಯಿಂದ ಹೊರಗೆ ಬರುತ್ತಾನೆ. ಮನುಷ್ಯರು, ಪ್ರಾಣಿಗಳು, ಮರಗಿಡ ಎಲ್ಲ ಕುಗ್ಗಿ ಸಣ್ಣದಾಗಿವೆ. ಅವನು ಕಂಡಿದ್ದ ಲೋಕವೇ ಅಲ್ಲ. ಅವನು ಹಳೆಯ ಅರಮನೆ ಹುಡುಕಿಕೊಂಡು ಹೋಗಲಿಲ್ಲ. ಉತ್ತರಕ್ಕೆ ಗಂಧಮಾದನಕ್ಕೆ, ಅಲ್ಲಿಂದ ಬದರಿಗೆ ಹೋಗಿ ತಪಸ್ಸಿಗೆ ಕೂತ. ರಾಜ್ಯದ ನಂಟು ತಾನಾಗಿ ಕಳಚಿದ್ದು ನಿನ್ನ ಅನುಗ್ರಹ ಎಂದೂ ಅವನು ಕೃಷ್ಣನಿಗೆ ಹೇಳುತ್ತಾನೆ. ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅವರು ಹೋದದ್ದನ್ನು ಅನುಗ್ರಹ ಅನ್ನಲು ನನ್ನಿಂದ ಆಗದು. ಕೃಷ್ಣನಿಗೆ ಅದು ಗೊತ್ತಿದೆ. ಅವನ ಮುಂದೆ ಸುಳ್ಳು ಹೇಳಿ ಏನು ಪ್ರಯೋಜನ, ಅಲ್ವಾ?

ವರ್ಷಾಂತಿಕ ಕಳೆದ ಮೇಲೆ ನಾನು ಕುಂಬ್ಳೆಯಲ್ಲಿ ಬಾಡಿಗೆಗೆ ಸಣ್ಣ ಕ್ವಾರ್ಟರ್ಸ್ ಹಿಡಿದೆ. ಭಾವನವರು ಇಲ್ಲೇ ಇರಿ ಅಂದರು, ಮನಸ್ಸಿನಿಂದಲೇ ಅಂದರು. ಮಗ ಬೆಂಗಳೂರಿಗೆ ಕರೆದ. ಆದರೆ ಆ ಚಾವಡಿಯಲ್ಲಿ ಅವರ ಕೆಮ್ಮು ಕೇಳಿಸುತ್ತಿತ್ತು. ಬೆಂಗಳೂರಿನಲ್ಲಿ ನಾನು ಮಗನ ಮನೆಯ ಅಜ್ಜಿ ಮಾತ್ರ ಆಗುತ್ತಿದ್ದೆ. ಸ್ವಲ್ಪ ಕಾಲ ನನ್ನದೇ ಒಲೆ, ನನ್ನದೇ ಬೀಗದ ಕೈ ಬೇಕಿತ್ತು. ಹಾಲು ಉಕ್ಕಿಸಲು ಯಾರಾದರೂ ಮುತ್ತೈದೆಯನ್ನು ಕರೆಯಬೇಕೆಂದು ಕೆಲವರು ಹೇಳಿದರು. ನಾನೇ ಉಕ್ಕಿಸಿದೆ. ಕೃಷ್ಣನ ಪಟದ ಮುಂದೆ ದೀಪ ಹಚ್ಚಿ, ಆ ಹಾಲನ್ನು ಮೊದಲು ಅವನಿಗೇ ಇಟ್ಟೆ. ಪಕ್ಕದ ಮನೆಯ ಮಲಯಾಳಿ ಹುಡುಗಿ "ಚೇಚೀ" (ಅಕ್ಕಾ) ಎಂದು ಕರೆದು ಒಂದು ಬಟ್ಟಲು ಸಕ್ಕರೆ ತಂದುಕೊಟ್ಟಳು. ಮಲಯಾಳದ ನೋಟಿಸು, ಬಿಲ್ಲು ಎಲ್ಲ ಓದುತ್ತಿದ್ದದ್ದು ನಮ್ಮ ಮನೆಯವರು. ಈಗ ಅವಳ ಹತ್ತಿರ ನಾನು ಅಕ್ಷರ ಕಲಿಯುತ್ತಿದ್ದೇನೆ. ಕೃಷ್ಣನೂ ಮಥುರೆಯ ಜನರನ್ನೆಲ್ಲ ಕಟ್ಟಿಕೊಂಡು ಸಮುದ್ರದ ನಡುವೆ ದ್ವಾರಕೆ ಮಾಡಿದವನು. ಹುಟ್ಟಿದೂರು ಬಿಟ್ಟವರ ಕಷ್ಟ ಅವನಿಗೆ ತಿಳಿಯದ್ದಲ್ಲ.

ಆ ವರ್ಷದ ತುಲಾ ಸಂಕ್ರಮಣಕ್ಕೆ ಮುಜುಂಗಾವಿಗೆ ಹೋದೆ. ಅವರ ಹರಕೆ ಬಾಕಿ ಇತ್ತು. ತೀರಿಹೋದವರ ಹರಕೆಯನ್ನು ಮನೆಯವರು ಸಲ್ಲಿಸುವುದುಂಟು. ಕೆರೆಯ ಸುತ್ತ ಒಳ್ಳೆ ಜನ. ಹಸಿ ಬಟ್ಟೆ, ನಡುಗುವ ಮಕ್ಕಳು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು. ತುಳು, ಕನ್ನಡ, ಮಲಯಾಳ ಎಲ್ಲ ಕಿವಿಗೆ ಬೀಳುತ್ತಿತ್ತು. ಅಕ್ಕಿ ಹುರುಳಿ ನೀರಿಗೆ ಹಾಕುವಾಗ "ಅವರ ಮೈ ಉರಿ ತಣಿಯಲಿ" ಎಂದೇ ಬೇಡಿಕೊಂಡೆ. ಸುಟ್ಟು ಬೂದಿಯಾದ ಮೈಗೆ ಇನ್ನೇನು ತುರಿಕೆ ಎಂದು ಯಾರಾದರೂ ಕೇಳಬಹುದು. ಬೆನ್ನು ಸವರಿದ ಕೈ ನನ್ನದು, ಆ ಕೈಗೆ ಇನ್ನೂ ನೆನಪಿದೆ. ಎರಡನೇ ಸಲ ಮುಳುಗಿದ್ದು ನನಗೋಸ್ಕರ.

ಗಂಡ ತೀರಿಕೊಂಡ ಮೇಲೆ ಹಬ್ಬದ ದಿನ ಮುಂದೆ ಬರಲು ಹಿಂಜರಿಯುವ ತುಂಬಾ ಹೆಂಗಸರನ್ನು ನಾನು ಬಲ್ಲೆ. ಅವರಿಗೆ ಹೇಳುತ್ತೇನೆ, ಈ ಸಂಕ್ರಮಣಕ್ಕೆ ಮುಜುಂಗಾವಿಗೆ ಬನ್ನಿ. ಕುಂಬ್ಳೆಯಿಂದ ದೂರವೇನಿಲ್ಲ. ಒಂದು ಹಿಡಿ ಅಕ್ಕಿ, ಒಂದು ಹಿಡಿ ಹುರುಳಿ, ಬದಲಿಸಲು ಒಣ ಸೀರೆ ಇದ್ದರೆ ಸಾಕು. ಒಬ್ಬರೇ ಬರಲು ಅಳುಕಾದರೆ ಹಿಂದಿನ ದಿನವೇ ನನ್ನಲ್ಲಿಗೆ ಬಂದು ಉಳಿಯಿರಿ. ಎರಡು ಚಾಪೆ ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.