ಆಸೆ ಕೇಳಿದಿರಿ, ಲೆಕ್ಕ ಯಾವಾಗ ತೋರಿಸ್ತೀರಿ?

ಸಾಂಸ್ಕೃತಿಕ ಕೇಂದ್ರದ ‘ಮುಂದಿನ ಇಪ್ಪತ್ತು ವರ್ಷ’ದ ಬಗ್ಗೆ ಸಭೆ ಕರೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸುತ್ತಾರೆ. ಬಣ್ಣಬಣ್ಣದ ಚೀಟಿ ಹಂಚುತ್ತಾರೆ. ‘ನಿಮ್ಮ ಕನಸಿನ ಕೇಂದ್ರ ಹೇಗಿರಬೇಕು, ಬರೆಯಿರಿ’ ಅನ್ನುತ್ತಾರೆ. ಜನ ಪಾಪ, ಮನಸಾರೆ ಬರೆಯುತ್ತಾರೆ. ಗ್ರಂಥಾಲಯ, ಲಿಫ್ಟ್, ಸೋಲಾರ್, ನೃತ್ಯಕ್ಕೆ ಮರದ ನೆಲ, ಮಕ್ಕಳಿಗೊಂದು ಮೂಲೆ. ನಮ್ಮಲ್ಲಿ ಒಬ್ಬರು ಈಜುಕೊಳ ಅಂತಲೂ ಬರೆದಿದ್ದರು. ಆಮೇಲೆ ಫೋಟೊ, ಚಹಾ. ಚೀಟಿಗಳು ಒಂದು ಕವರ್ ಸೇರುತ್ತವೆ. ವರದಿಯಲ್ಲಿ ‘ಸಮುದಾಯದ ಸಹಭಾಗಿತ್ವದೊಂದಿಗೆ’ ಅನ್ನುವ ಸಾಲು ಕೂರುತ್ತದೆ.

ನಾನು ನಮ್ಮ ಕೇಂದ್ರದ ಖಜಾಂಚಿ. ನನಗೆ ಹಾಡಲು ಬರುವುದಿಲ್ಲ, ಕುಣಿಯಲು ಬರುವುದಿಲ್ಲ. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಅದಕ್ಕೇ ಇರಬೇಕು, ಆ ಚೀಟಿಗಳನ್ನು ನೋಡಿದರೆ ನನಗೆ ಖುಷಿಗಿಂತ ಸಂಕಟ ಜಾಸ್ತಿ. ಬಂದವರಿಗೆಲ್ಲ ಏನು ಬೇಕು ಅಂತ ಕೇಳಿದ್ದೇ ಕೇಳಿದ್ದು. ಕರೆಂಟ್ ಬಿಲ್ ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಇದು ಹಳೇ ಕಾಯಿಲೆ. ಅಮೆರಿಕದ ನಗರ ನೀತಿ ತಜ್ಞೆ ಶೆರಿ ಆರ್ನ್‌ಸ್ಟೀನ್ 1969ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದಿದ್ದರು. ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಎಲ್ಲಕ್ಕಿಂತ ಕೆಳಗೆ, ಜನರನ್ನು ಸುಮ್ನೆ ಕೂರಿಸಿಕೊಂಡು ತಲೆಯಾಡಿಸುವಂತೆ ಮಾಡುವುದು. ಎಲ್ಲಕ್ಕಿಂತ ಮೇಲೆ, ತೀರ್ಮಾನವೇ ಜನರ ಕೈಗೆ ಹೋಗುವುದು. ಅಭಿಪ್ರಾಯ ಕೇಳುವುದು ನಾಲ್ಕನೇ ಮೆಟ್ಟಿಲು. ಅದನ್ನು ಅವರು ತೋರಿಕೆಯ ಗುಂಪಿಗೇ ಹಾಕಿದ್ದರು. ಅದೇ ಲೇಖನದಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳ ಒಂದು ಪೋಸ್ಟರ್ ಇದೆ. ಶಾಲೆಯಲ್ಲಿ ಪಾಠ ಒಪ್ಪಿಸುವ ಧಾಟಿ: ನಾನು ಭಾಗವಹಿಸುತ್ತೇನೆ, ನೀನು ಭಾಗವಹಿಸುತ್ತೀಯ, ನಾವು ಭಾಗವಹಿಸುತ್ತೇವೆ. ಕೊನೆಯ ಸಾಲು: ಅವರು ಲಾಭ ಮಾಡಿಕೊಳ್ಳುತ್ತಾರೆ.

ಹಾಗಂತ ಜನರ ಕೈಗೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಅನ್ನುವ ಊರಿನಲ್ಲಿ ಒಂದು ಪಿಯರ್ ಇದೆ, ಅಂದರೆ ಸಮುದ್ರದೊಳಕ್ಕೆ ಚಾಚಿಕೊಂಡ, ಕಂಬಗಳ ಮೇಲೆ ನಿಂತ ಉದ್ದನೆಯ ಅಟ್ಟ, 1872ರದ್ದು. ಒಂದು ಕಾಲಕ್ಕೆ ಜಿಮಿ ಹೆಂಡ್ರಿಕ್ಸ್ ಅಲ್ಲಿ ಗಿಟಾರ್ ನುಡಿಸಿದ್ದ. 2010ರಲ್ಲಿ ಬೆಂಕಿ ಬಿದ್ದು ಮೇಲಿನ ಕಟ್ಟಡಗಳು ಬಹುಪಾಲು ಸುಟ್ಟುಹೋದವು. ಊರವರು ಬಿಡಲಿಲ್ಲ. ಸಂಸ್ಥೆ ಕಟ್ಟಿದರು. ಸುಮಾರು ಮೂರು ಸಾವಿರ ಜನ ಷೇರು ಕೊಂಡರು. ಲಾಟರಿ ನಿಧಿಯಿಂದ ದೊಡ್ಡ ಅನುದಾನ ಬಂತು. ಬೆಂಕಿಯಿಂದ ಉಳಿದ ಹಲಗೆಗಳನ್ನೇ ಹೊಸ ಕಟ್ಟಡದ ಹೊರಮೈಗೆ ಹೊದಿಸಿದರು. 2016ರಲ್ಲಿ ಪಿಯರ್ ಮತ್ತೆ ತೆರೆಯಿತು. 2017ರ ಅಕ್ಟೋಬರ್‌ನಲ್ಲಿ ಸ್ಟರ್ಲಿಂಗ್ ಪ್ರಶಸ್ತಿ ಬಂತು, ವಾಸ್ತುಶಿಲ್ಪಕ್ಕೆ ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಮುಂದಿನ ತಿಂಗಳು, ನವೆಂಬರ್‌ನಲ್ಲಿ, ಅದನ್ನು ನಡೆಸುತ್ತಿದ್ದ ಸಂಸ್ಥೆ ದುಡ್ಡಿಲ್ಲದೆ ಕೈಚೆಲ್ಲಿತು. 2018ರಲ್ಲಿ ಪಿಯರ್ ಒಬ್ಬ ಖಾಸಗಿ ಉದ್ಯಮಿಯ ಪಾಲಾಯಿತು.

ಪ್ರೀತಿಗೇನೂ ಅಲ್ಲಿ ಕೊರತೆ ಇರಲಿಲ್ಲ, ನೋಡಿ. ಕೊರತೆ ಬಿದ್ದದ್ದು ದಿನ ದಿನ ನಡೆಸುವ ದುಡ್ಡಿಗೆ. ಕಟ್ಟುವುದಕ್ಕೆ ಕೊಡುವವರು ಎಲ್ಲಾದರೂ ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ. ಸೋರುವ ಚಾವಣಿ ಮುಚ್ಚಿಸುವುದಕ್ಕೆ ಕೊಟ್ಟರೆ ಹೆಸರು ಎಲ್ಲಿ ಕೆತ್ತಿಸುವುದು?

ಬ್ರೆಜಿಲ್‌ನ ಸಾವೊ ಪಾಲೊದಲ್ಲಿರುವ ಸೆಸ್ಕ್ ಪೊಂಪೆಯ ಅನ್ನುವ ಸಾಂಸ್ಕೃತಿಕ ಕೇಂದ್ರ ಇದಕ್ಕೆ ತಿರುವುಮುರುವು. ಅದು ಮೊದಲು ಡ್ರಮ್, ಅಂದರೆ ಪೀಪಾಯಿ, ತಯಾರಿಸುವ ಕಾರ್ಖಾನೆ. ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ನೋಡಲು ಹೋದಾಗ ಹಳೇ ಶೆಡ್ಡುಗಳಲ್ಲಿ ಆಗಲೇ ಮಕ್ಕಳು ಓಡಾಡಿಕೊಂಡಿದ್ದರು, ಬೊಂಬೆಯಾಟ ನಡೆಯುತ್ತಿತ್ತು. ಇದು ಹೀಗೇ ಇರಬೇಕು ಅಂತ ಅವರಿಗೆ ಅನ್ನಿಸಿತು. ಶೆಡ್ಡುಗಳನ್ನು ಕೆಡವಲಿಲ್ಲ. 1982ರಲ್ಲಿ ತೆರೆದದ್ದು ಇವತ್ತಿಗೂ ಜನರಿಂದ ತುಂಬಿರುತ್ತದೆ. ಈ ಕಥೆಯನ್ನು ಎಲ್ಲರೂ ಇಷ್ಟಕ್ಕೇ ನಿಲ್ಲಿಸುತ್ತಾರೆ. ಖಜಾಂಚಿಯ ಕಣ್ಣು ಮಾತ್ರ ಇನ್ನೊಂದು ಕಡೆ ಹೋಗುತ್ತದೆ. ಕೇಂದ್ರವನ್ನು ನಡೆಸುವ ಸೆಸ್ಕ್ ಸಂಸ್ಥೆಗೆ ದೇಶದ ವ್ಯಾಪಾರ ಮತ್ತು ಸೇವಾ ಕ್ಷೇತ್ರದ ಕಂಪನಿಗಳು ತಮ್ಮ ಸಂಬಳದ ಮೊತ್ತದ ಮೇಲೆ 1.5 ಶೇಕಡಾ ಕೊಡಲೇಬೇಕು, ಕಾನೂನೇ ಹಾಗಿದೆ. ಅನುದಾನದ ಪತ್ರಕ್ಕಾಗಿ ಕಾಯುತ್ತಾ ಕೂರುವ ಕರ್ಮ ಅವರಿಗಿಲ್ಲ.

ನಮಗೆ ಅಂಥ ಕಾನೂನಿಲ್ಲ. ಹಾಗಾಗಿ ಎರಡನೇ ಸಭೆಗೆ ಚೀಟಿ ಬೇಡ, ಹೋದ ವರ್ಷದ ಲೆಕ್ಕವನ್ನು ಪರದೆ ಮೇಲೆ ಹಾಕೋಣ ಅಂದೆ. ಸಮಿತಿಯಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ‘ಜನ ಗಾಬರಿಯಾಗ್ತಾರೆ’ ಅಂದರು. ‘ಕಳ್ಳಲೆಕ್ಕ ಅಂತಾರೆ’ ಅಂದರು. ಬ್ರೆಜಿಲ್‌ನದೇ ಪೋರ್ಟೊ ಅಲೆಗ್ರೆ ನಗರ 1989ರಿಂದ ಬಜೆಟ್ಟಿನ ಒಂದು ಭಾಗವನ್ನು ಜನರ ಸಭೆಗಳ ಮುಂದೆ ಇಟ್ಟಿತ್ತು, ಒಂದು ಸಭಾಂಗಣದ ಲೆಕ್ಕ ಯಾವ ದೊಡ್ಡದು ಅಂತ ವಾದ ಮಾಡಿದೆ. ಕೊನೆಗೆ ಒಪ್ಪಿದರು.

ಸಂಬಳ, ಕರೆಂಟ್, ನೀರು, ವಿಮೆ, ರಿಪೇರಿ, ಇತರೆ. ಪರದೆ ಮೇಲೆ ಇದ್ದದ್ದು ಇಷ್ಟೇ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, ‘ಅಲ್ಲಮ್ಮಾ, ಈ ಇತರೆ ಅಂದ್ರೆ ಏನು? ವಿಮೆಗಿಂತ ಜಾಸ್ತಿ ಇದೆಯಲ್ಲ’ ಅಂದರು. ಬಿಡಿಸಿ ಹೇಳಿದೆ. ಮುರಿದ ಕುರ್ಚಿಗಳು, ವೇದಿಕೆಯ ಪರದೆಗೆ ಬೆಂಕಿ ತಗುಲದಂತೆ ಹಚ್ಚಿಸಿದ ರಾಸಾಯನಿಕ, ಇಲಿ ಕಡಿದ ಮೈಕ್ ವೈರು. ಇಲಿ ಅಂದ ಕೂಡಲೇ ನಗು. ಆ ನಗುವಿನಿಂದಲೇ ಸಭೆ ಬಿಚ್ಚಿಕೊಂಡಿತು.

ಲೈಟಿಂಗ್ ಮಾಡುವ ಹುಡುಗ ಎದ್ದುನಿಂತ. ನಾಟಕಕ್ಕೆ ಬಳಸುವ ಹಳೇ ಪಾರ್ ಲೈಟು ಒಂದೊಂದೂ 1000 ವ್ಯಾಟ್ ಎಳೆಯುತ್ತದೆ, ಎಲ್‌ಇಡಿ ಆದರೆ 200 ವ್ಯಾಟ್ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ ಅಂದ. ‘ಅದೂ ಅಲ್ದೆ ಆ ಬಿಸಿಗೆ ಎಸಿ ಬೇರೆ ಜಾಸ್ತಿ ಓಡಿಸ್ತೀರಿ’ ಅಂದ. ಸೋಲಾರ್ ಫಲಕ ಬೇಕು ಅಂತ ಚೀಟಿ ಬರೆದವರು ಹತ್ತಾರು ಮಂದಿ. ಮೊದಲು ಖರ್ಚಾಗುವುದನ್ನು ಇಳಿಸೋಣ ಅಂದವನು ಇವನೊಬ್ಬನೇ.

ಆಮೇಲೆ ನೆಲ ಒರೆಸುವ ಅಮ್ಮ. ಅವರನ್ನು ಯಾವ ಸಭೆಗೂ ಯಾರೂ ಕರೆದಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದವರು ಅಲ್ಲಿಂದಲೇ ಕೇಳಿದರು, ‘ಬೆಳಗ್ಗೆ ಹೊತ್ತು ಇಲ್ಲಿ ನಾನೊಬ್ಬಳೇ ಅಲ್ವಾ ಇರೋದು? ಆಗ್ಲೂ ಕರೆಂಟಿಗೆ ದುಡ್ಡು ಕಟ್ತೀರಾ?’ ಕಟ್ಟುತ್ತೇವೆ. ಬಿಲ್ಲಿನಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲಿರುತ್ತದೆ, ಒಂದು ಬಲ್ಬೂ ಉರಿಸದಿದ್ದರೂ ಅದು ಬರುತ್ತದೆ. ಬೆಳಗಿನ ಹೊತ್ತನ್ನು ಸಂಗೀತ ಪಾಠಕ್ಕೆ, ಹಿರಿಯರ ಗುಂಪಿಗೆ ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ಹುಟ್ಟಿದ್ದು ಈ ಮಾತಿನಿಂದ. ಸಲಹೆಗಾರರಿಗೆ ಫೀಸು ಕೊಟ್ಟಿದ್ದರೂ ಇದು ಸಿಗುತ್ತಿತ್ತೋ ಇಲ್ಲವೋ.

ಲೆಕ್ಕ ತೋರಿಸಿದರೆ ಜನ ಎಲ್ಲದಕ್ಕೂ ಬೇಡ ಅಂತಾರೆ ಅನ್ನುವ ಭಯವಿತ್ತು. ಹಾಗಾಗಲಿಲ್ಲ. ಈಜುಕೊಳದವರು ತಾವಾಗಿ ನಗುತ್ತಾ ಹಿಂದೆ ಸರಿದರು. ಲಿಫ್ಟ್ ಮಾತ್ರ ಉಳಿಯಿತು. ಅದನ್ನು ಹಾಕಿಸಿದ ಮೇಲೂ ವರ್ಷ ವರ್ಷ ನಿರ್ವಹಣೆಗೆ ಕಟ್ಟಬೇಕು ಅಂತ ಗೊತ್ತಾದ ಮೇಲೂ ಉಳಿಯಿತು. ಗಾಲಿಕುರ್ಚಿಯಲ್ಲಿ ಬರುವವರನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು ಮೇಲೆ ಸಂಗೀತ ಕಛೇರಿ ಕೇಳುವುದು ಸರಿಯಲ್ಲ ಅಂತ ಯಾರೂ ಭಾಷಣ ಮಾಡಲಿಲ್ಲ. ‘ಬಾಡಿಗೆ ಸ್ವಲ್ಪ ಏರಿಸಿ, ಅದಕ್ಕೇ ತೆಗೆದಿಡಿ’ ಅಂದರು, ಅಷ್ಟೇ. ಚಾವಣಿಗೂ ವೇದಿಕೆಯ ಹಲಗೆಗೂ ಹೀಗೇ ಒಂದೊಂದು ಪಾಲು ಪ್ರತಿ ತಿಂಗಳು ಎತ್ತಿಡುವುದು ಅಂತಲೂ ತೀರ್ಮಾನವಾಯಿತು. ಇನ್ನು ಸಂಜೆ ಸಭೆ ಇಟ್ಟರೆ ಅವೇ ಮುಖಗಳು ಬರುತ್ತವೆ. ಪಾಳಿ ಕೆಲಸದವರಿಗೆ, ಚಿಕ್ಕ ಮಕ್ಕಳ ತಾಯಂದಿರಿಗೆ ಆಗುವುದಿಲ್ಲ. ಅದಕ್ಕೆ ಒಂದನ್ನು ಮಧ್ಯಾಹ್ನಕ್ಕೂ ಇಡುತ್ತಿದ್ದೇವೆ.

ಜಗಳ ಉಳಿದಿರುವುದು ವಾರ್ಷಿಕ ಉತ್ಸವದ್ದು. ನಮ್ಮ ಹೆಮ್ಮೆಯ ಕಾರ್ಯಕ್ರಮ ಅದು. ಪ್ರತಿ ಸಲವೂ ನಷ್ಟ. ವರ್ಷ ಬಿಟ್ಟು ವರ್ಷ ಮಾಡೋಣ, ಉಳಿದ ದುಡ್ಡಿನಲ್ಲಿ ಹುಡುಗರಿಗೆ ರಾತ್ರಿ ರಿಹರ್ಸಲ್ ಕೋಣೆ ತೆರೆದಿಡೋಣ ಅಂತ ಒಂದು ಗುಂಪು. ಉತ್ಸವ ನಿಂತ ವರ್ಷ ಜನ ನಮ್ಮನ್ನು ಮರೆತೇಬಿಡುತ್ತಾರೆ ಅಂತ ಹಿರಿಯರು. ಅವರು ಹೇಳುವುದರಲ್ಲೂ ಹುರುಳಿದೆ. ಆದರೂ ನನ್ನ ಮತ ವರ್ಷ ಬಿಟ್ಟು ವರ್ಷಕ್ಕೇ, ಇದನ್ನು ಹೇಳಿದಾಗಿನಿಂದ ಇಬ್ಬರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮುಂದಿನ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ. ನಾನು ಸೋತರೆ ಉತ್ಸವಕ್ಕೆ ದುಡ್ಡು ಎಲ್ಲಿಂದ ಹೊಂದಿಸುವುದು ಅನ್ನುವ ಹಾಳೆಯನ್ನೂ ಬರೆದಿಟ್ಟುಕೊಂಡಿದ್ದೇನೆ.