ಗುಮ್ಮಟ ತೆರೆಯುವ ದಿನ

ಕಾರೊಗೆ ಇನ್ನೊಬ್ಬರ ಮನಸ್ಸು ಓದಲು ಬರುತ್ತದೆ. ಅದು ಬೇಡ ಅನ್ನಿಸಿದಾಗ ಅವನು ಮೈಗೆ ಕ್ಲೋಟ್ರಿಮಜೋಲ್ ಹಚ್ಚಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಕೆರೆತ ಶುರುವಾದರೆ ಮೆಡಿಕಲ್ ಶಾಪಿಗೆ ಹೋಗಿ ತರುತ್ತೇವಲ್ವಾ, ಅದೇ ಬೂಷ್ಟು ಸೋಂಕಿನ ಕ್ರೀಮು. ಈ ವಿವರ ಸಿಕ್ಕ ಮೇಲೆ ನನಗೆ ಪುಸ್ತಕ ಕೆಳಗಿಡಲು ಆಗಲಿಲ್ಲ.

ಪುಸ್ತಕ ‘ರೋಸ್‌ವಾಟರ್’. ಬರೆದವರು ಟಾಡೆ ಥಾಂಪ್ಸನ್. ಲಂಡನ್ನಿನಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬೆಳೆದ ಯೊರುಬಾ ಮನೆಯವರು, ವೃತ್ತಿಯಿಂದ ಮನೋವೈದ್ಯರು. 2016ರಲ್ಲಿ ಬಂದ ಈ ವೈಜ್ಞಾನಿಕ ಕಾದಂಬರಿಗೆ ಆಫ್ರಿಕಾದ ನೊಮ್ಮೊ ಪ್ರಶಸ್ತಿ ಬಂತು, 2019ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯೂ ಬಂತು. ಇದಕ್ಕೆ ಇನ್ನೆರಡು ಭಾಗಗಳಿವೆ.

ಕ್ರೀಮಿನ ಕಥೆ ಹೀಗೆ. ಗಾಳಿಯಲ್ಲೆಲ್ಲ ಬೇರೆ ಲೋಕದಿಂದ ಬಂದ ಬೂಷ್ಟಿನಂಥ ಜೀವಿ ಹರಡಿದೆ. ಅದು ನಮ್ಮ ಚರ್ಮದ ಮೇಲೆ ಕೂತು, ನರಗಳ ತುದಿಗೆ ಸಣ್ಣ ಎಳೆ ಚಾಚಿ, ಒಬ್ಬರಿಂದ ಇನ್ನೊಬ್ಬರಿಗೆ ಹೆಣೆದುಕೊಂಡು, ಕೊನೆಗೆ ಇಡೀ ಭೂಮಿಯನ್ನೇ ಸುತ್ತುವ ಬಲೆಯಾಗಿದೆ. ಅದಕ್ಕೆ ಜೆನೋಸ್ಫಿಯರ್ ಅಂತ ಹೆಸರು. ಎಲ್ಲರ ಮೈಮೇಲೂ ಅದು ಇದೆ, ಆದರೆ ಅದರೊಳಗೆ ಇಳಿಯಲು ಬರುವುದು ಕೆಲವರಿಗೆ ಮಾತ್ರ. ತಪಸ್ಸಿಲ್ಲ, ವರವಿಲ್ಲ. ಸುಮ್ನೆ ಒಂದು ಸೋಂಕು. ಆ ಕೆಲವರು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಕಾರೊ ಒಂದು ಬ್ಯಾಂಕಿನಲ್ಲಿ ಕಾವಲಿಗಿದ್ದಾನೆ, ಬೇರೆ ಮನಸ್ಸು ಓದುವವರು ಗ್ರಾಹಕರ ತಲೆಯೊಳಗೆ ನುಗ್ಗಿ ಕದಿಯದ ಹಾಗೆ ನೋಡಿಕೊಳ್ಳಲು. ಜೊತೆಗೆ ಸರ್ಕಾರದ ಒಂದು ಗುಪ್ತ ಇಲಾಖೆಯ ಕೆಲಸವನ್ನೂ ಮಾಡಬೇಕು, ಅದು ಅವನಿಗೆ ಇಷ್ಟವಿಲ್ಲ.

ಅವನು ಒಳ್ಳೆಯವನೇನೂ ಅಲ್ಲ. ಹುಡುಗನಾಗಿದ್ದಾಗ ಯಾರು ಏನು ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ತಾನಾಗಿಯೇ ಗೊತ್ತಾಗುತ್ತಿತ್ತು, ಕದಿಯುತ್ತಿದ್ದ. ಕೊನೆಗೆ ಹೆತ್ತ ತಾಯಿಯೇ ಬೀದಿಗೆ ಬಂದು ಕಳ್ಳ ಕಳ್ಳ ಅಂತ ಕೂಗುತ್ತಾಳೆ. ನೈಜೀರಿಯಾದ ಪಟ್ಟಣಗಳಲ್ಲಿ ಹಾಗೆ ಕೂಗಿದರೆ ಜನ ಸೇರಿ ಹೊಡೆಯುತ್ತಾರೆ, ಕುತ್ತಿಗೆಗೆ ಟೈರ್ ಹಾಕಿ ಬೆಂಕಿ ಕೊಟ್ಟದ್ದೂ ಇದೆ. ಮಗ ಓಡುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಅಲ್ಲಾಡಿಸಿದ್ದು ಈ ಓಟ. ಏಲಿಯನ್‌ಗಳು ಅದರ ನಂತರ.

ಆದರೆ ನಾನು ಈ ಪೋಸ್ಟ್ ಬರೆಯಲು ಕೂತಿದ್ದು ಕಥೆ ನಡೆಯುವ ಊರಿನ ಬಗ್ಗೆ ಹೇಳಲು. 2055ರಲ್ಲಿ ನೈಜೀರಿಯಾದ ನೆಲದೊಳಗಿಂದ ಒಂದು ದೊಡ್ಡ ಗುಮ್ಮಟ ಮೇಲೇಳುತ್ತದೆ, ಅದರೊಳಗೆ ಅನ್ಯಲೋಕದ ಒಂದು ದೊಡ್ಡ ಜೀವಿ. ವರ್ಷಕ್ಕೊಮ್ಮೆ ಗುಮ್ಮಟ ತೆರೆದುಕೊಳ್ಳುತ್ತದೆ. ಆಗ ಹತ್ತಿರ ನಿಂತವರ ಕಾಯಿಲೆಗಳು ವಾಸಿಯಾಗುತ್ತವೆ. ಸುದ್ದಿ ಹಬ್ಬಿದ್ದೇ ತಡ, ಕುರುಡರು, ಕುಂಟರು, ಕ್ಯಾನ್ಸರ್ ಆದವರು ಎಲ್ಲ ಬಂದು ಸುತ್ತ ಗುಡಿಸಲು ಹಾಕಿಕೊಂಡರು. ಚರಂಡಿಯಿಲ್ಲ, ಕೊಳಚೆ ಬಯಲಲ್ಲೇ ಹರಿಯುತ್ತಿತ್ತು. ಆ ನಾತಕ್ಕೆ ಜನ ನಗುತ್ತಾ ರೋಸ್‌ವಾಟರ್, ಅಂದರೆ ಪನ್ನೀರು ಅಂತ ಹೆಸರಿಟ್ಟರು, ಊರಿಗೆ ಅದೇ ಹೆಸರು ಉಳಿಯಿತು. ಗುಮ್ಮಟ ತೆರೆದ ದಿನ ಇನ್ನೊಂದು ಸಂಕಟವಿದೆ. ಹೂತ ಹೆಣಗಳೂ ಎದ್ದು ಬರುತ್ತವೆ, ಒಳಗೆ ಮನಸ್ಸಿಲ್ಲದೆ. ಅವನ್ನು ಮತ್ತೆ ಕೊಲ್ಲಬೇಕು.

ಊರಿಗೆ ಕರೆಂಟು ಕೊಡುವುದೂ ಅದೇ ಜೀವಿ. ಅದರ ನರಗಂಟು ನೆಲದಿಂದ ಹೊರಗೆ ಚಾಚಿಕೊಂಡಿದೆ, ಅಲ್ಲಿಂದ ವಿದ್ಯುತ್ ಎಳೆಯುತ್ತಾರೆ. ನೈಜೀರಿಯಾದಲ್ಲಿ ಹೋದ ಕರೆಂಟು ವಾಪಸ್ ಬಂದಾಗ ಮಕ್ಕಳು ‘ಅಪ್ ನೇಪಾ!’ ಅಂತ ಕೂಗುತ್ತಾರೆ. ನೇಪಾ ಅಂದರೆ ಅಲ್ಲಿಯ ಹಳೆಯ ವಿದ್ಯುತ್ ಮಂಡಳಿ. ಮಂಡಳಿಯ ಹೆಸರು ಬದಲಾದರೂ ಆ ಕೂಗು ಮಾತ್ರ ನಿಂತಿಲ್ಲ. ಮಳೆ ಹಿಡಿದರೆ ಮೂರು ದಿನ ಕತ್ತಲಲ್ಲಿ ಕೂರುತ್ತಿದ್ದ ಮಲೆನಾಡಿನ ಹಳ್ಳಿಯಲ್ಲಿ ಬೆಳೆದವಳು ನಾನು. ಬಲ್ಬು ಹೊತ್ತಿದ ಕೂಡಲೇ ನಾವು ಮಕ್ಕಳೆಲ್ಲ ‘ಕರೆಂಟ್ ಬಂತೂ’ ಅಂತ ಕಿರುಚುತ್ತಿದ್ದದ್ದು ನೆನಪಾಯಿತು.

ಆಸ್ಪತ್ರೆ, ಕರೆಂಟು. ಸರ್ಕಾರ ಕೊಡಬೇಕಾಗಿದ್ದ ಎರಡನ್ನೂ ಬೇರೆ ಲೋಕದ ಜೀವಿ ಕೊಡುತ್ತಿದೆ. ಹೀಗಿರುವಾಗ ಅದರ ಮೇಲೆ ಯಾರು ಕಲ್ಲೆಸೆಯುತ್ತಾರೆ? ಮಗುವಿನ ಕಾಲು ನೆಟ್ಟಗಾದ ತಾಯಿಯ ಹತ್ತಿರ ಹೋಗಿ, ಇದಕ್ಕೆ ಬದಲಾಗಿ ಅದು ನಮ್ಮ ಮೈಯಿಂದ ಏನು ತೆಗೆದುಕೊಳ್ಳುತ್ತಿದೆ ಗೊತ್ತಾ ಅಂತ ಕೇಳಲು ಯಾರಿಗೆ ಬಾಯಿ ಬರುತ್ತದೆ? ಏನು ತೆಗೆದುಕೊಳ್ಳುತ್ತಿದೆ ಅನ್ನುವುದನ್ನು ನೀವೇ ಓದಿ. ಭೂಮಿಯನ್ನು ಗೆಲ್ಲಲು ಬಾಂಬು, ಹಡಗು ಯಾವುದೂ ಬೇಕಾಗಿಲ್ಲ ಅಂತ ಗೊತ್ತಾದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು.

ಇದರ ಜೊತೆಗೆ ನೆಡಿ ಒಕೊರಾಫೋರ್ ಅವರ ‘ಲಗೂನ್’ ಓದಲೇಬೇಕು, 2014ರದ್ದು. 2009ರ ‘ಡಿಸ್ಟ್ರಿಕ್ಟ್ 9’ ಸಿನಿಮಾದಲ್ಲಿ ನೈಜೀರಿಯಾದವರನ್ನು ಬರೀ ಗೂಂಡಾಗಳ ಹಾಗೆ ತೋರಿಸಿದ್ದರಲ್ಲ, ಆ ಸಿಟ್ಟಿನಿಂದಲೇ ಈ ಕಥೆ ಶುರುವಾಯಿತು. ಇಲ್ಲಿ ಅನ್ಯಲೋಕದವರು ಇಳಿಯುವುದು ನೈಜೀರಿಯಾದ ಲೇಗೋಸ್ ನಗರದ ಎದುರಿನ ಸಮುದ್ರಕ್ಕೆ. ಮೊದಲು ಮಾತಾಡಿಸುವುದು ಮೀನುಗಳನ್ನು! ಎಣ್ಣೆ ಪೈಪಿಗೆ ಚೂಪು ಮೂತಿಯಿಂದ ತಿವಿಯುವ ಒಂದು ಕತ್ತಿಮೀನು ಮೊದಲ ಪುಟಗಳಲ್ಲೇ ಬರುತ್ತದೆ, ನೈಜರ್ ನದಿಯ ಮುಖಜಭೂಮಿಯಲ್ಲಿ ಎಣ್ಣೆ ಸೋರಿ ನೀರು ಹಾಳಾದ ಸುದ್ದಿ ಗೊತ್ತಿದ್ದವರಿಗೆ ಆ ಮೀನಿನ ಕೋಪ ಚೆನ್ನಾಗಿ ಅರ್ಥವಾಗುತ್ತದೆ.

ಈ ಕಥೆಯ ರಾಷ್ಟ್ರಪತಿ ಕಾಯಿಲೆಯಿಂದ ಸೌದಿ ಅರೇಬಿಯಾದ ಆಸ್ಪತ್ರೆಗೆ ಹೋಗಿರುತ್ತಾರೆ. ನಿಜದಲ್ಲೂ 2009ರ ಕೊನೆಗೆ ರಾಷ್ಟ್ರಪತಿ ಯಾರ್‌ಅದುವಾ ಸೌದಿಗೆ ಚಿಕಿತ್ಸೆಗೆ ಹೋದರು, ತಿಂಗಳುಗಟ್ಟಲೆ ಜನರ ಮುಂದೆ ಬರಲಿಲ್ಲ, 2010ರ ಮೇನಲ್ಲಿ ತೀರಿಕೊಂಡರು. ಕಾದಂಬರಿಯಲ್ಲಿ ಅವರನ್ನು ವಾಸಿ ಮಾಡುವುದು ಅಯೊಡೆಲೆ, ಸಮುದ್ರದಿಂದ ಬಂದ ಆ ಹೆಣ್ಣು. ಮತ್ತೆ ಅದೇ, ವಾಸಿ ಮಾಡುವ ಕೈ ಹೊರಗಿನಿಂದ ಬರುತ್ತದೆ.

ಯಾವುದು ಮೊದಲು ಅಂತ ಕೇಳಿದರೆ ನಾನು ‘ಲಗೂನ್’ ಅನ್ನುತ್ತೇನೆ. ಚಿಕ್ಕದು, ಓಟ ಜಾಸ್ತಿ. ಅದರ ಪಿಜಿನ್ (ಅಲ್ಲಿಯ ಕಲಬೆರಕೆ ಇಂಗ್ಲಿಷ್) ಮಾತುಗಳು ಕಣ್ಣಿಗೆ ಕಷ್ಟ ಅನ್ನಿಸಿದರೆ ಬಾಯಿಬಿಟ್ಟು ಓದಿ. ವಹಾಲಾ ಅಂದರೆ ತಾಪತ್ರಯ, ಅಬೆಗ್ ಅಂದರೆ ದಯವಿಟ್ಟು. ಇಪ್ಪತ್ತು ಪುಟದ ಹೊತ್ತಿಗೆ ಕಿವಿಗೆ ಹತ್ತುತ್ತದೆ. ‘ರೋಸ್‌ವಾಟರ್’ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ, ಅಧ್ಯಾಯದ ತಲೆಯಲ್ಲಿರುವ ವರ್ಷ ನೋಡಿಕೊಂಡೇ ಮುಂದೆ ಹೋಗಿ.